ಅಂಗಿಯ ಮೇಲಿನ ನಾಲ್ಕು ಬೆರಳು

ಸಿನೆಮಾದ ಬಟ್ಟೆ ಕೆಲಸಕ್ಕೆ ಸೇರಬೇಕು ಅಂತ ನಮ್ಮ ಕಡೆಯ ಮಕ್ಕಳು ಆಗಾಗ ಹೆಮ್ಮಾಡಿಯ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಯಾವ ಹೀರೋಗಳಿಗೆ ಅಂಗಿ ಹಾಕಿದ್ದೀರಿ? ಮಾರಾಯ್ರೆ, ಹಾಕಿಸಿದ್ದು ನನಗೆ ನೆನಪಿಲ್ಲ, ಬಿಚ್ಚಿಸಿಕೊಂಡದ್ದು ಮಾತ್ರ ನೆನಪಿದೆ. ಬೆವರಿನ ಅಂಗಿ, ಕೆಸರು ಮೆತ್ತಿದ ಪಂಚೆ, ಪೌಡರ್ ಹತ್ತಿದ ಕಾಲರು. ಮೂವತ್ತೆಂಟು ವರ್ಷ ನಾನು ನೋಡಿದ ಸಿನೆಮಾ ಅದು. ಹೀಗೆ ಹೇಳಿದರೆ ಅವರಿಗೆ ಬೇಸರ ಆಗುತ್ತದೆ, ಚಾ ಕುಡಿದು ಎದ್ದು ಹೋಗುತ್ತಾರೆ. ಅವರ ಎದುರು ಬಾಯಿ ಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬರವಣಿಗೆ ನನ್ನ ಕಸುಬಲ್ಲ, ಹೊಲಿಗೆ ಅಲ್ಲಲ್ಲಿ ಬಿಟ್ಟಿದ್ದರೆ ನೀವೇ ಸುಧಾರಿಸಿಕೊಳ್ಳಬೇಕು.

ನನ್ನ ಹೆಸರು ಮಂಜುನಾಥ. ಸಿನೆಮಾದವರಿಗೆ ಮಂಜಣ್ಣ. ಅಪ್ಪ ಹೆಮ್ಮಾಡಿ ಪೇಟೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದವರು. ನಾನು ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಊರಿನ ಉಳಿದವರ ಹಾಗೆ ಬೊಂಬಾಯಿ ಬಸ್ಸು ಹತ್ತಿದೆ. ಸಂಬಂಧಿಕರ ಹೋಟೆಲಿನಲ್ಲಿ ಟೇಬಲ್ ಒರೆಸಲು ಹೋದವ ಆರು ತಿಂಗಳಿಗೆ ಅಲ್ಲಿಂದ ತಪ್ಪಿಸಿಕೊಂಡು, ಸಿನೆಮಾಕ್ಕೆ ಬಟ್ಟೆ ಹೊಲಿಯುವ ಒಬ್ಬ ಉಸ್ತಾದರ ಕೋಣೆ ಸೇರಿದೆ. ಆಮೇಲೆ ಬೆಂಗಳೂರು, ಮದ್ರಾಸು, ಎಲ್ಲಿ ಕರೆದರೆ ಅಲ್ಲಿ. ಈ ಕೆಲಸದಲ್ಲಿ ಬಡ್ತಿ ಗಿಡ್ತಿ ಅಂತ ಇಲ್ಲ. ಮೊದಲು ಬಟ್ಟೆಯ ಟ್ರಂಕು ಹೊರುತ್ತೀರಿ, ವಯಸ್ಸಾದ ಮೇಲೆ ಟ್ರಂಕಿನ ಬೀಗದ ಕೈ ನಿಮ್ಮ ಸೊಂಟಕ್ಕೆ ಬರುತ್ತದೆ.

ಉಸ್ತಾದರದ್ದು ಮಾತು ಕಡಿಮೆ, ಹೊಡೆತ ಜಾಸ್ತಿ. ಅವರಿಂದ ನಾನು ಕಲಿತದ್ದು ಎರಡೇ ಪಾಠ. ಒಂದು, ಹೊಸ ಬಟ್ಟೆಯನ್ನು ಹಳತು ಮಾಡುವುದು. ಅಂಗಡಿಯಿಂದ ತಂದ ಅಂಗಿಯನ್ನು ಹಾಗೇ ಹಾಕಿದರೆ ಬಡವನ ಪಾತ್ರ ಮದುಮಗನ ಹಾಗೆ ಕಾಣುತ್ತದೆ. ಚಾಪುಡಿ ಕುದಿಸಿದ ನೀರಿನಲ್ಲಿ ಅದ್ದಬೇಕು. ಮೊಣಕೈಗೆ ಉಪ್ಪುಕಾಗದ ಉಜ್ಜಬೇಕು. ಕಿಸೆಗೆ ಕಲ್ಲು ತುಂಬಿ ಒದ್ದೆ ಮಾಡಿ ಎರಡು ದಿನ ನೇತು ಹಾಕಬೇಕು, ಆಗ ಕಿಸೆ ಜೋಲುತ್ತದೆ. ಕಲೆ ಬೇಕಾದಲ್ಲಿ ಮಣ್ಣಿಗೆ ಬಣ್ಣ, ಗೋಂದು ಸೇರಿಸಿ ಮೆತ್ತಿ, ಮೇಲಿಂದ ಕಾದ ಇಸ್ತ್ರಿ ಒತ್ತಬೇಕು. ಹಾಗೆ ಮಾಡಿದ ಕಲೆ ಇಪ್ಪತ್ತು ಸಲ ಒಗೆದರೂ ಹೋಗುವುದಿಲ್ಲ. ಹೋಗಲೂಬಾರದು, ಯಾಕೆಂದರೆ ಒಂದೇ ದೃಶ್ಯವನ್ನು ತಿಂಗಳುಗಟ್ಟಲೆ ತೆಗೆಯುತ್ತಾರೆ.

ಎರಡನೇ ಪಾಠ, ಪ್ಯಾಕಪ್ ಆದ ಕೂಡಲೇ ಒಗೆಯುವುದು. ಒಬ್ಬರ ಮೈಯಿಂದ ಬಿಚ್ಚಿದ ಬಟ್ಟೆ ನೇರ ಬಕೆಟ್ಟಿಗೆ ಹೋಗಬೇಕು, ಟ್ರಂಕಿಗಲ್ಲ. ಒಮ್ಮೆ ನಾನು ಉದಾಸೀನದಿಂದ ಒಂದು ರವಿಕೆಯನ್ನು ಒಗೆಯದೆ ಮಡಚಿಟ್ಟೆ. ಮರುದಿನ ಅದನ್ನು ಹಾಕಿಕೊಂಡ ನಟಿಗೆ ಬೆನ್ನು ತುಂಬ ಕೆಂಪು ಗುಳ್ಳೆ ಎದ್ದಿತು. ಎರಡು ದಿನ ಶೂಟಿಂಗ್ ನಿಂತಿತು. ಉಸ್ತಾದರು ಎಲ್ಲರ ಎದುರು ಕೆನ್ನೆಗೆ ಬಿಟ್ಟರು, ಇನ್ನೂ ಚುರುಗುಟ್ಟುತ್ತದೆ. ಅಲ್ಲಿಂದ ಮುಂದೆ ಬಿಚ್ಚಿದ ಬಟ್ಟೆ ಕಂಡರೆ ನನ್ನ ಕೈ ತಾನಾಗಿಯೇ ನಲ್ಲಿ ತಿರುಗಿಸುತ್ತಿತ್ತು, ತಲೆಯನ್ನು ಕೇಳುತ್ತಿರಲಿಲ್ಲ.

ತಪ್ಪುಗಳು ಬೇಕಷ್ಟು ಮಾಡಿದ್ದೇನೆ. ಒಮ್ಮೆ ಹಳೆ ಕಾಲದ ಮೆರವಣಿಗೆಯ ದೃಶ್ಯಕ್ಕೆ ಇನ್ನೂರು ಜನರಿಗೆ ಬಿಳಿ ಟೊಪ್ಪಿ ಕೊಡಬೇಕಿತ್ತು. ನಾನು ಬಹಳ ಹೆಮ್ಮೆಯಿಂದ ಇನ್ನೂರನ್ನೂ ಒಂದೇ ಹಾಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಟ್ಟೆ. ಕ್ಯಾಮೆರಾದಲ್ಲಿ ಕಣ್ಣಿಟ್ಟ ಛಾಯಾಗ್ರಾಹಕರು, 'ಮಂಜಣ್ಣ, ಇದು ಚಳವಳಿಯಾ ಅಥವಾ ಹೋಟೆಲ್ ಅಡುಗೆಯವರ ಸಂಘವಾ?' ಅಂದರು. ಎಲ್ಲರೂ ನಕ್ಕರು. ನಾನು ಟೊಪ್ಪಿಗಳನ್ನೆಲ್ಲ ವಾಪಸು ತೆಗೆದುಕೊಂಡು, ನೆಲಕ್ಕೆ ಹಾಕಿ ಒಂದೊಂದನ್ನೇ ತುಳಿದೆ. ಮಧ್ಯಾಹ್ನದ ಊಟ ತಪ್ಪಿತು.

ಯಾವ ಬಟ್ಟೆ ಯಾವ ದೃಶ್ಯಕ್ಕೆ, ಯಾವ ಗುಂಡಿ ಹಾಕಿತ್ತು, ಯಾವ ತೋಳು ಮಡಚಿತ್ತು, ಇದರ ಲೆಕ್ಕ ಇಡುವುದೇ ನಮ್ಮ ದೊಡ್ಡ ತಲೆನೋವು. ಮೊದಲು ನಾನು ರೂಲು ಹಾಕಿದ ಪುಸ್ತಕದಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದಿಡುತ್ತಿದ್ದೆ. ಬರೆಯಬೇಕಾದರೆ ನೋಡಬೇಕು, ನೋಡಿದ್ದು ಮರೆಯುತ್ತಿರಲಿಲ್ಲ. ಆಮೇಲೆ ತೆಗೆದ ಕೂಡಲೇ ಕೈಗೆ ಬರುವ ಫೋಟೋ ಬಂತು, ಅಂಟಿಸಿದೆವು. ಈಗ ಮೊಬೈಲು. ದಿನಕ್ಕೆ ನಾನೂರು ಫೋಟೋ ತೆಗೆಯುತ್ತೇವೆ, ಒಂದನ್ನೂ ನೋಡುವುದಿಲ್ಲ.

ಇನ್ನು ರಾಜಕಾರಣಿಗಳ ಜೀವನದ ಸಿನೆಮಾಗಳ ವಿಷಯ. ಅಂಥವು ನನ್ನ ಕೈಯಲ್ಲಿ ಐದಾರು ದಾಟಿವೆ. ಬಟ್ಟೆಯವನಿಗೆ ಅದಕ್ಕಿಂತ ಕಿರಿಕಿರಿಯ ಕೆಲಸ ಬೇರೆ ಇಲ್ಲ. ರಾಜನ ಸಿನೆಮಾ ಆದರೆ ರಾಜ ಎದ್ದು ಬಂದು ಜಗಳ ಮಾಡುವುದಿಲ್ಲ. ಇಲ್ಲಿ ಮಗ ಇರುತ್ತಾನೆ, ಅಳಿಯ ಇರುತ್ತಾನೆ, ಅಭಿಮಾನಿಗಳು ಇರುತ್ತಾರೆ. ಒಂದು ಸಿನೆಮಾದಲ್ಲಿ ನಾಯಕರು ಗದ್ದೆಯಲ್ಲಿ ನೇಜಿ ನೆಡುವ ದೃಶ್ಯ. ನಾನು ಪಂಚೆಗೆ ಕೆಸರು ಹಚ್ಚಿ ಕೊಟ್ಟಿದ್ದೆ. ನಾಯಕರ ಮಗ, ಅವರೂ ಈಗ ದೊಡ್ಡ ನಾಯಕರೇ, ಕಾರಿನಿಂದ ಇಳಿದವರು ಕೂಗಾಡಿದರು: ನನ್ನ ತಂದೆಯ ಪಂಚೆ ಯಾವತ್ತೂ ಕೊಳೆ ಆಗಿದ್ದಿಲ್ಲ! ಸರಿ, ಶುಭ್ರ ಪಂಚೆ ಉಡಿಸಿದೆವು. ನಾಯಕರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬೆಳ್ಳಗೆ ನೇಜಿ ನೆಟ್ಟರು. ನೋಡಿದವರು ಸಿಳ್ಳೆ ಹೊಡೆದರಂತೆ, ನಾನು ಏನು ಹೇಳುವುದು.

ಎಲ್ಲ ಸಾಕಾಗಿ, ಇನ್ನು ಊರು ಸೇರುವ ಅಂತ ನಿಶ್ಚಯ ಮಾಡಿದ ಹೊತ್ತಿಗೆ ಒಂದು ಕರೆ ಬಂತು. ಶೀನಣ್ಣನ ಸಿನೆಮಾ, ನಿಮ್ಮದೇ ಊರಿನಲ್ಲಿ ಶೂಟಿಂಗ್, ಬರಲೇಬೇಕು ಅಂತ.

ಶೀನಣ್ಣ ಅಂದರೆ ನಮ್ಮ ಕಡೆ ಹಂಚಿನ ಕಾರ್ಖಾನೆಯ ಕಾರ್ಮಿಕರ ಪರವಾಗಿ ಹೊಡೆದಾಡಿದವರು. ಒಂದು ಸಲ ಶಾಸಕರಾಗಿದ್ದರು, ಮುಂದಿನ ಸಲ ಸೋತರು, ಸೋತ ಮೇಲೆ ಮತ್ತೆ ಕಾರ್ಖಾನೆಯ ಗೇಟಿನ ಎದುರು ಬಂದು ಕೂತರು. ನಾನು ಹುಡುಗನಾಗಿದ್ದಾಗ ನಮ್ಮ ಅಂಗಡಿಗೆ ಕಾಲರ್ ತಿರುಗಿಸಿ ಹೊಲಿಸಲು ಬರುತ್ತಿದ್ದರು. ಸವೆದ ಕಾಲರನ್ನು ಬಿಚ್ಚಿ, ಮಗುಚಿ ಹೊಲಿದರೆ ಅಂಗಿ ಇನ್ನೆರಡು ವರ್ಷ ಬರುತ್ತದೆ. ಶಾಸಕರಾದ ಮೇಲೂ ಅದೇ ಕಾಲರು. ಹಾಗಾಗಿ ಈ ಸಿನೆಮಾ ಅಂದಾಗ ನನಗೆ ಆಯಾಸದ ನಡುವೆಯೂ ಸ್ವಲ್ಪ ಖುಷಿ ಆದದ್ದು ಹೌದು. ಈ ಒಬ್ಬರಿಗಾದರೂ ಸರಿಯಾದ ಅಂಗಿ ಹಾಕುವ, ಆಮೇಲೆ ಮನೆಗೆ ಹೋಗುವ ಅಂದುಕೊಂಡೆ.

ಅವರು ತೀರಿಕೊಂಡು ಬಹಳ ವರ್ಷಗಳಾಗಿವೆ. ಹೆಂಡತಿ ಗಿರಿಜಕ್ಕ ನಾವುಂದದಲ್ಲಿ ಇದ್ದಾರೆ. ಗಂಡ ಶಾಸಕರಾಗಿದ್ದಾಗಲೂ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತ ಹೆಂಗಸು. ಡೈರೆಕ್ಟರು, ಕಥೆ ಬರೆದವರು ಎಲ್ಲ ಹೋಗಿ ಅವರ ಹತ್ತಿರ ಗಂಟೆಗಟ್ಟಲೆ ಮಾತಾಡಿ ಬಂದಿದ್ದರು. ಬರುವಾಗ ಒಂದು ಸುದ್ದಿ ತಂದರು: ಶೀನಣ್ಣ ತೀರಿಕೊಂಡ ದಿನ ಹಾಕಿದ್ದ ಅಂಗಿಯನ್ನು ಅವರು ಒಗೆಯದೆ ಹಾಗೆಯೇ ಇಟ್ಟಿದ್ದಾರೆ. ಎಡ ಹೆಗಲಿನ ಮೇಲೆ ಆವೆಮಣ್ಣಿನ ನಾಲ್ಕು ಬೆರಳಿನ ಗುರುತು ಇದೆ.

ಡೈರೆಕ್ಟರಿಗೆ ಹುಚ್ಚು ಹಿಡಿಯಿತು. ಅದರ ಮೇಲೆಯೇ ಕೊನೆಯ ದೃಶ್ಯ ಬರೆಸಿದರು. ಗೇಟಿನ ಎದುರು ಕಾರ್ಮಿಕರ ಗುಂಪು, ಹಸಿ ಮಣ್ಣು ಮೆತ್ತಿದ ಕೈಗಳು ಮೇಲೆದ್ದಿವೆ. ಒಂದು ಕೈ ಶೀನಣ್ಣನ ಹೆಗಲು ಮುಟ್ಟುತ್ತದೆ. ಅವರು ಅದೇ ಗುರುತು ಹೊತ್ತು ಮನೆಗೆ ನಡೆದು ಹೋಗಿ, ಜಗಲಿಯಲ್ಲಿ ಕೂತು ಪ್ರಾಣ ಬಿಡುತ್ತಾರೆ. ಕೊನೆಗೆ ಪರದೆ ತುಂಬ ಆ ನಾಲ್ಕು ಬೆರಳು. ಅದಕ್ಕೆ ನಕಲಿ ಅಂಗಿ ಬೇಡ, ಅಸಲಿಯೇ ಬೇಕು ಅಂತ ಹಠ. ಕೇಳಿ ತರಲು ನನ್ನನ್ನು ಕಳಿಸಿದರು, ಊರಿನವ ಅಂತ.

ಗಿರಿಜಕ್ಕ ಜಗಲಿಯಲ್ಲಿ ಕೂತು ಹಿಡಿಸೂಡಿ ಪೊರಕೆಗೆ ತೆಂಗಿನ ಗರಿಯಿಂದ ಕಡ್ಡಿ ತೆಗೆಯುತ್ತಿದ್ದರು.

'ಹ್ವಾಯ್, ನೀನ್ ಹೆಮ್ಮಾಡಿ ಟೈಲರ್ ಮಗ ಅಲ್ದಾ? ಬಾ, ಕೂಕೊ' ಅಂದರು.

ವಿಷಯ ಹೇಳಿದೆ. ಕೈಯಲ್ಲಿದ್ದ ಗರಿಯ ಕಡ್ಡಿ ತೆಗೆದು ಮುಗಿಸಿದರು. ಆಮೇಲೆ ಒಳಗೆ ಹೋಗಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಅಂಗಿ ತಂದು ನನ್ನ ತೊಡೆಯ ಮೇಲಿಟ್ಟರು. ಬಿಳಿ ಖಾದಿ, ಹಳದಿಗೆ ತಿರುಗಿತ್ತು. ಕಾಲರಿನಲ್ಲಿ ಬೆವರಿನ ಗೆರೆ. ಕಾಲರ್ ನನ್ನ ಅಪ್ಪ ಮಗುಚಿ ಹೊಲಿದದ್ದೇ, ನನಗೆ ಅಪ್ಪನ ಹೊಲಿಗೆ ಗೊತ್ತಾಗುತ್ತದೆ. ಎಡ ಹೆಗಲಿನ ಮೇಲೆ ನಾಲ್ಕು ಬೆರಳು, ಮುಂದಿನಿಂದ ಹಿಂದಕ್ಕೆ, ಹಂಚಿನ ಬಣ್ಣದಲ್ಲಿ.

'ಇದನ್ನ್ ತೊಳುಕಾಗ. ಬಿಸ್ಲಿಗೂ ಹಾಕುಕಾಗ. ತಿಳೀತಾ?'

'ಇಲ್ಲೆ ಅಕ್ಕ. ನಾನಿದ್ದೆ ಅಲ್ದಾ. ಹ್ಯಾಂಗ್ ಕೊಟ್ರ್ಯೊ ಹಾಂಗೇ ತಂದ್ ಕೊಡ್ತೆ.'

'ನೀನ್ ಊರಿನವ ಅಂದೇಳಿ ಕೊಡುದ್. ಆ ಬೆಂಗ್ಳೂರಿನವ್ರಿಗೆ ಕೊಡ್ತಿರ್ಲಿಲ್ಲ. ನನ್ನ ಹತ್ರ ಅವ್ರದ್ದ್ ಅಂದೇಳಿ ಉಳ್ದದ್ದ್ ಇದೊಂದೇ.'

ಆ ಮಾತು ಹೇಳುವಾಗ ಅವರು ನನ್ನ ಮುಖ ನೋಡಿದ ರೀತಿಯನ್ನು ನಾನು ಮರೆಯಲಾರೆ.

ಬಟ್ಟೆ ವಿಭಾಗಕ್ಕೆ ತ್ರಾಸಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಹಿಂದೆ ಒಗೆಯುವ ಕಲ್ಲು, ಬದಿಯಲ್ಲಿ ಒಂದು ತೆಂಗಿನ ಮರ, ಆಚೆ ಮರಳು, ಸಮುದ್ರ. ಶೂಟಿಂಗ್ ನಡೆದದ್ದು ಬ್ರಹ್ಮಾವರದ ಕಡೆಯ ಒಂದು ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ. ಶೀನಣ್ಣ ಹೊಡೆದಾಡಿದ ಕಾರ್ಖಾನೆ ಯಾವತ್ತೋ ಬಿದ್ದು ಹೋಗಿ ಅಲ್ಲಿ ಮದುವೆ ಹಾಲ್ ಎದ್ದಿದೆ. ದಿನಾ ಬೆಳಿಗ್ಗೆ ತ್ರಾಸಿಯಿಂದ ಬ್ರಹ್ಮಾವರಕ್ಕೆ ಬಟ್ಟೆ ಹೇರಿಕೊಂಡು ಹೋಗುವುದು, ಸಂಜೆ ಕೊಳೆ ಬಟ್ಟೆ ಹೇರಿಕೊಂಡು ಬರುವುದು. ಬಿಸಿಲು ಅಂದರೆ ಬಿಸಿಲು. ಮಂಡಿ ನೋವು ಬೇರೆ. ಒಂದೊಂದು ದಿನ ವ್ಯಾನಿನಲ್ಲಿ ಕೂತು, ದೇವರೇ ಇದೊಂದು ಮುಗಿಸಿಬಿಡು ಅನ್ನುತ್ತಿದ್ದೆ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಒಗೆಯಬಾರದ ಬಟ್ಟೆಯ ಕಾಲರಿನ ಗುಂಡಿಕಣ್ಣಿಗೆ ಕೆಂಪು ದಾರ ಕಟ್ಟುತ್ತೇವೆ. ಬಕೆಟ್ಟಿಗೆ ಹಾಕುವ ಮೊದಲು ಬೆರಳಿಗೆ ದಾರ ಸಿಕ್ಕಿದರೆ ಬದಿಗಿಡಬೇಕು. ಶೀನಣ್ಣನ ಅಂಗಿಗೆ ನಾನು ಒಂದಲ್ಲ, ಮೂರು ಸುತ್ತು ದಾರ ಕಟ್ಟಿದ್ದೆ.

ಗೇಟಿನ ದೃಶ್ಯದ ಮೊದಲ ದಿನ ಹೀರೋಗೆ ಆ ಅಂಗಿ ಹಾಕಿಸಿದೆವು. ಅವರು ಕುತ್ತಿಗೆ ತುರಿಸಿಕೊಂಡು, 'ಮಂಜಣ್ಣ, ಏನೋ ಚುಚ್ತಾ ಇದೆ' ಅಂದರು. ಅದು ದಾರ. ಬಿಚ್ಚಿ ನನ್ನ ಕಿಸೆಗೆ ಹಾಕಿಕೊಂಡೆ, ಶಾಟ್ ಆದ ಮೇಲೆ ಕಟ್ಟುವ ಅಂತ. ದೂರದ ಶಾಟುಗಳೆಲ್ಲ ಮುಗಿದವು. ಹೆಗಲಿನ ಹತ್ತಿರದ ಶಾಟ್ ನಾಳೆ ಅಂದರು. ಸಂಜೆ ನಲ್ವತ್ತು ಜನ ಕಾರ್ಮಿಕರ ಬಿಳಿ ಅಂಗಿಗಳು, ಹೀರೋದ ಎರಡು ಬದಲಿ ಅಂಗಿಗಳು, ಇದು, ಎಲ್ಲ ಒಂದೇ ಮೂಟೆಯಲ್ಲಿ ತ್ರಾಸಿಗೆ ಬಂದವು. ನಾನು ಬೇರೆ ತೆಗೆದಿಡಬೇಕಿತ್ತು. ತೆಗೆದಿಡಲಿಲ್ಲ. ಅದಕ್ಕೆ ಕಾರಣ ಹೇಳಲು ನನ್ನ ಹತ್ತಿರ ಏನೂ ಇಲ್ಲ, ದಣಿದಿದ್ದೆ ಅಷ್ಟೇ.

ಹಿತ್ತಲಿನಲ್ಲಿ ಬಿಳಿ ಅಂಗಿಗಳನ್ನೆಲ್ಲ ಕಲೆ ತೆಗೆಯುವ ಸೋಡಾಪುಡಿಯ ನೀರಿನಲ್ಲಿ ನೆನೆಸಿದೆ. ಒಂದೊಂದೇ ತೆಗೆದು ಕಲ್ಲಿಗೆ ಕುಸುಬಿದೆ. ಕಾಲರಿಗೆ ಬೆರಳು ಹಾಕುತ್ತಿದ್ದೆ, ದಾರ ಸಿಗಲಿಲ್ಲ, ಮುಂದಿನದು. ನೀರು ಕೆಂಪಾಗಿ ಬಂತು. ಎಲ್ಲ ಅಂಗಿಗೂ ಮಣ್ಣು ಹತ್ತಿತ್ತಲ್ಲ, ನನಗೆ ಏನೂ ಅನ್ನಿಸಲಿಲ್ಲ. ಬಕೆಟ್ಟಿನ ನೀರನ್ನು ಎಂದಿನಂತೆ ತೆಂಗಿನ ಬುಡಕ್ಕೆ ಹೊಯ್ದೆ. ಒಣಗಲು ಹಾಕುವಾಗ ಒಂದು ಅಂಗಿಯ ಕಾಲರಿನಲ್ಲಿ ಅಪ್ಪನ ಹೊಲಿಗೆ ಕಂಡಿತು.

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಕಿಸೆಯಲ್ಲಿ ಕೆಂಪು ದಾರ ಇತ್ತು. ಅಂಗಿ ಬೆಳ್ಳಗೆ ಇತ್ತು, ನಾನು ಒಗೆದ ಅಂಗಿಗಳಲ್ಲೇ ಅಷ್ಟು ಬೆಳ್ಳಗಾದದ್ದು ಇನ್ನೊಂದಿಲ್ಲ.

ಹೇಳಿಬಿಡಬೇಕಿತ್ತು. ಅವತ್ತೇ ನಾವುಂದಕ್ಕೆ ಹೋಗಿ ಕಾಲು ಹಿಡಿಯಬೇಕಿತ್ತು. ಓದುವ ಮಕ್ಕಳೇ, ಇಲ್ಲಿ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಒಗೆದದ್ದು ಕೈಯ ತಪ್ಪು. ಆಮೇಲೆ ಮಾಡಿದ್ದು ತಲೆಯ ತಪ್ಪು.

ಬೆಳಿಗ್ಗೆ ಬೇಗ ಎದ್ದು ಅಂಗಿಯನ್ನು ಚಾ ನೀರಿನಲ್ಲಿ ಅದ್ದಿ ಹಳದಿ ಮಾಡಿದೆ. ಕಾಲರಿಗೆ ಬೆವರಿನ ಗೆರೆ ಬರೆದೆ. ಕಾರ್ಖಾನೆಯಿಂದ ತಂದ ಆವೆಮಣ್ಣಿಗೆ ಬಣ್ಣ, ಗೋಂದು ಕಲಸಿ, ಮೊಬೈಲಿನ ಫೋಟೋ ಎದುರಿಗೆ ಇಟ್ಟುಕೊಂಡು, ನನ್ನ ಬಲಗೈಯ ನಾಲ್ಕು ಬೆರಳನ್ನು ಅದ್ದಿ ಹೆಗಲಿನ ಮೇಲೆ ಇಟ್ಟೆ. ಮೇಲಿಂದ ಇಸ್ತ್ರಿ. ಉಸ್ತಾದರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ನನ್ನ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿದ್ದೇ ಇಲ್ಲ.

ಆ ದಿನ ಹತ್ತಿರದ ಶಾಟ್ ತೆಗೆದರು. ಡೈರೆಕ್ಟರು ಮಾನಿಟರಿನ ಎದುರು ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದು, 'ನೋಡಿ ಮಂಜಣ್ಣ, ಅಸಲಿ ಅಂದ್ರೆ ಅಸಲಿನೇ. ಇದನ್ನ ಯಾರ ಕೈಲೂ ಮಾಡೋಕಾಗಲ್ಲ' ಅಂದರು. ಅವರು ಹಿಡಿದದ್ದು ಅದೇ ಕೈಯನ್ನು. ಹೌದು ಸಾರ್ ಅಂದೆ.

ಶೂಟಿಂಗ್ ಮುಗಿಯಿತು. ಅಂಗಿ ವಾಪಸು ಕೊಡುವ ಅಂದರೆ ಪ್ರಚಾರದವರು ಬಿಡಲಿಲ್ಲ. ಬಿಡುಗಡೆ ಆಗುವವರೆಗೆ ತಮ್ಮ ಹತ್ತಿರವೇ ಇರಲಿ ಅಂತ ಇಟ್ಟುಕೊಂಡರು. ನನಗೆ ಒಳಗೊಳಗೆ ಸಮಾಧಾನ ಆಯಿತು, ಹೇಡಿಗೆ ಆಗುವ ಹಾಗೆ. ಅಲ್ಲಿಗೆ ನನ್ನ ನೌಕರಿಯೂ ಮುಗಿಯಿತು. ಟ್ರಂಕಿನ ಬೀಗದ ಕೈ ಬೇರೆಯವರಿಗೆ ಕೊಟ್ಟು ಹೆಮ್ಮಾಡಿಗೆ ಬಂದೆ.

ಸಿನೆಮಾ ಬಿಡುಗಡೆಯ ದಿನ ಕುಂದಾಪುರದ ಥಿಯೇಟರಿನ ಬಾಗಿಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಅಂಗಿಯನ್ನು ಇಟ್ಟಿದ್ದರು. ಜನ ಸಾಲು ನಿಂತು ಫೋಟೋ ತೆಗೆಸಿಕೊಂಡರು. ಯಾರೋ ಪೆಟ್ಟಿಗೆಗೆ ಸೇವಂತಿಗೆ ಮಾಲೆ ಹಾಕಿದ್ದರು. ಕಾರ್ಖಾನೆಯಲ್ಲಿ ದುಡಿದಿದ್ದ ಒಬ್ಬ ಮುದುಕ ಗಾಜು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ನಾನು ನನ್ನ ಬಲಗೈಯನ್ನು ಕಿಸೆಗೆ ಹಾಕಿಕೊಂಡೆ. ಒಳಗೆ ಕೊನೆಯ ದೃಶ್ಯದಲ್ಲಿ ಪರದೆ ತುಂಬ ನನ್ನ ನಾಲ್ಕು ಬೆರಳು, ಒಂದೊಂದು ಬೆರಳು ತೆಂಗಿನ ಮರದಷ್ಟು ಉದ್ದ. ಕತ್ತರಿ ಹಿಡಿದು ಹಿಡಿದು ನನ್ನ ತೋರುಬೆರಳು ಡೊಂಕಾಗಿದೆ. ಆ ಡೊಂಕು ಕೂಡ ಸ್ಪಷ್ಟ ಕಾಣುತ್ತಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗಿರಿಜಕ್ಕ ಸಿನೆಮಾಕ್ಕೆ ಬಂದಿರಲಿಲ್ಲ. ಮಂಡಿ ನೋವು, ಬರಲು ಆಗುವುದಿಲ್ಲ ಅಂದಿದ್ದರಂತೆ. ಹದಿನೈದು ದಿನ ಕಳೆದ ಮೇಲೆ ಪ್ರಚಾರದವರಿಂದ ಅಂಗಿಯನ್ನು ಕೇಳಿ ತೆಗೆದುಕೊಂಡು, ಅದೇ ಸೀರೆಯ ತುಂಡಿನಲ್ಲಿ ಸುತ್ತಿ ನಾವುಂದಕ್ಕೆ ಹೋದೆ. ಬಸ್ಸಿನಲ್ಲಿ ನಾನು ಅಂದುಕೊಂಡದ್ದು ಇಷ್ಟೇ: ಕೊಡುವುದು, ಒಂದು ಲೋಟ ನೀರು ಕುಡಿಯುವುದು, ಎದ್ದು ಬರುವುದು.

'ಸಿನೆಮಾ ಲಾಯ್ಕ್ ಆಯ್ತಂಬ್ರಲ್ಲೆ' ಅಂದರು ಗಿರಿಜಕ್ಕ.

'ಹೌದಕ್ಕ. ಜನ ತುಂಬಾ ಇತ್ತ್.'

ಸುತ್ತು ಬಿಚ್ಚಿದರು. ಅಂಗಿಯನ್ನು ತೊಡೆಯ ಮೇಲೆ ಹರಡಿದರು. ಎತ್ತಿ ಕಾಲರನ್ನು ಮೂಗಿನ ಹತ್ತಿರ ಹಿಡಿದರು, ಕೆಳಗೆ ಇಟ್ಟರು. ಆಮೇಲೆ ತಮ್ಮ ಕೈಯನ್ನು ಮೆಲ್ಲಗೆ ಹೆಗಲಿನ ಆ ಬೆರಳುಗಳ ಮೇಲೆ ಇಟ್ಟರು. ಅವರ ಕೈ ಸಣ್ಣದು. ನಾಲ್ಕೂ ಕಡೆ ನನ್ನ ಬೆರಳು ಹೊರಗೆ ಉಳಿಯಿತು.

'ಕೈ ತೋರ್ಸ್' ಅಂದರು.

ನಾನು ಬಲಗೈ ಚಾಚಿದೆ. ನನ್ನ ಡೊಂಕು ಬೆರಳನ್ನು ನೋಡಿದರು, ಅಂಗಿಯನ್ನು ನೋಡಿದರು.

'ತೊಳ್ದ್ಯಾ?'

'ತೊಳ್ದೆ ಅಕ್ಕ. ಮರ್ತ್ ತೊಳ್ದೆ.' ದಾರದ ವಿಷಯ, ಮೂಟೆಯ ವಿಷಯ, ಬೆಳಿಗ್ಗೆ ಎದ್ದು ಮಾಡಿದ ಸುಳ್ಳು, ಎಲ್ಲ ಹೇಳಿದೆ. ಅಷ್ಟು ವಯಸ್ಸಾದ ಗಂಡಸು ಅವರ ಜಗಲಿಯಲ್ಲಿ ಕೂತು ಗೋಳೋ ಅಂತ ಅತ್ತೆ.

ಅವರು ಬೈಯಲಿಲ್ಲ. ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಆ ಕಲೆಯನ್ನು ಉಜ್ಜಿ ನೋಡಿದರು.

'ಅದ್ ಹೋಪುದಿಲ್ಲ ಅಕ್ಕ' ಅಂದೆ. 'ಹೋಗ್ದೇ ಇಪ್ಪ್ ಹಾಂಗೇ ಮಾಡದ್ದ್.'

'ಸಿನೆಮಾದವ್ರ್ ಎಲ್ಲ ಕಾರ್ಮಿಕರ ಕೈ ಅಂದ್ರ್' ಅಂತ ಗಿರಿಜಕ್ಕ ಹೇಳಲು ಶುರು ಮಾಡಿದರು, ಅಂಗಿಯನ್ನು ನೋಡುತ್ತ. 'ಅದ್ ನನ್ ಕೈ ಮಾರಾಯ. ಆ ದಿನ ಕಾರ್ಖಾನಿಯಿಂದ ಮಧ್ಯಾಹ್ನ ಊಟಕ್ಕ್ ಬಂದಿದ್ದೆ. ಕೈ ಸಮ ತೊಳ್ದಿರ್ಲಿಲ್ಲ. ಇವ್ರ್ ಇಲ್ಲೇ, ಈ ಜಗ್ಲಿ ಮೇಲೆ, ಕಣ್ಣ್ ಮುಚ್ಕಂಡ್ ಕೂಕಂಡಿದ್ರ್. ನಿದ್ರಿ ಬಂತ್ ಅಂದ್ಕಂಡೆ. ಹ್ವಾಯ್, ಏಳಿ, ಗಂಜಿ ಉಂಬ ಅಂದೆ. ಏಳ್ಲಿಲ್ಲ. ಹೆಗ್ಲ್ ಹಿಡ್ದ್ ಅಲ್ಗಾಡ್ಸ್ದೆ. ಏಳ್ಲೇ ಇಲ್ಲ.'

ಇಷ್ಟು ವರ್ಷ ಅವರು ಕಾಪಾಡಿಕೊಂಡು ಬಂದದ್ದು ಗಂಡನ ಬೆವರನ್ನು ಮಾತ್ರ ಅಲ್ಲ, ಕೊನೆಯ ಸಲ ಮುಟ್ಟಿದ್ದನ್ನು. ಅದನ್ನು ಒರೆಸಿ ಹಾಕಿ ನಾನು ನನ್ನ ಕೈ ಇಟ್ಟಿದ್ದೆ.

'ಸಿನೆಮಾದವ್ರಿಗೆ ಯಾಕೆ ಹೇಳ್ಲಿಲ್ಲ ಅಕ್ಕ?'

'ಅವ್ರ್ ಕೇಂಡ್ರಾ? ಕಾರ್ಮಿಕರ ಕೈ ಅಂದೇಳಿ ಅವ್ರೇ ಹೇಳ್ಕಂಡ್ರ್. ನಾನೂ ಕಾರ್ಮಿಕಳೇ ಅಲ್ದಾ. ಸುಳ್ಳ್ ಎಂತ ಇತ್ತ್ ಅದ್ರಲ್ಲ್?'

ನನ್ನ ಹಾಳು ಕಸುಬಿನ ಬುದ್ಧಿ ಆಗಲೂ ಬಿಡಲಿಲ್ಲ ನೋಡಿ. 'ಅಕ್ಕ, ಈ ಕಲೆ ಹ್ಯಾಂಗಾರೂ ತೆಗೀತೆ. ಮಣ್ಣ್ ತಂದ್ ಕೊಡ್ತೆ. ನೀವೇ ಇನ್ನೊಂದ್ ಸಲ ಕೈ ಇಡಿ' ಅಂದೆ.

ಗಿರಿಜಕ್ಕ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಸಿಟ್ಟು ಮಾಡಲೂ ಆಗದಷ್ಟು ಆಯಾಸ ಇತ್ತು.

'ಆ ದಿನ ಇವ್ರನ್ನ್ ಎಬ್ಸುಕೆ ಇಟ್ಟದ್ದ್. ಈಗ ಯಾರನ್ನ್ ಎಬ್ಸುಕೆ ಇಡುದ್?'

ಅಂಗಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಸೀರೆಯ ತುಂಡನ್ನು ಮಾತ್ರ ತಾವು ಇಟ್ಟುಕೊಂಡರು. 'ಇದ್ ನಿನ್ ಕೈ. ನೀನೇ ತಕಂಡ್ ಹೋಗ್' ಅಂದರು. ಎದ್ದು ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟರು. ನಾನು ಕುಡಿದೆ. ಹೊರಡಲು ಎದ್ದಾಗ ಬಾಗಿಲ ಹತ್ತಿರ ನಿಂತು ಕೇಳಿದರು:

'ತೊಳ್ದ್ ನೀರ್ ಎಲ್ಲಿ ಹೊಯ್ದೆ?'

'ತ್ರಾಸಿ ಮನೆ ಹಿಂದೆ ಅಕ್ಕ. ತೆಂಗಿನ ಮರದ ಬುಡಕ್ಕೆ.'

'ಚರಂಡಿಗಲ್ಲ ಅಲ್ದಾ?'

'ಅಲ್ಲ ಅಕ್ಕ, ದೇವ್ರಾಣೆ.'

'ಅಡ್ಡಿಲ್ಲೆ ಹಾಂಗಾರೆ' ಅಂದರು. ಚಪ್ಪಲಿ ಮೆಟ್ಟಿಕೊಂಡು, 'ಒಂದ್ ಸಲ ಅಲ್ಲಿಗೆ ಹೋಪನಾ?' ಅಂದರು.

ಆಟೋ ಮಾಡಿ ಕರೆದುಕೊಂಡು ಹೋದೆ. ದಾರಿಯಲ್ಲಿ ಬಲಗಡೆ ಸಮುದ್ರ ಬಂದಾಗಲೂ ಅವರು ಆಚೆ ನೋಡಲಿಲ್ಲ. ಆ ಮನೆ ಆಗ ಖಾಲಿ ಇತ್ತು. ಸುತ್ತಿ ಹಿತ್ತಲಿಗೆ ಹೋದೆವು. ಒಗೆಯುವ ಕಲ್ಲಿನ ಮೇಲೆ ಒಣ ಎಲೆ ಬಿದ್ದಿತ್ತು. ಇದೇ ಮರ ಅಂತ ತೋರಿಸಿದೆ.

ಗಿರಿಜಕ್ಕ ಚಪ್ಪಲಿ ಕಳಚಿ ಬದಿಗಿಟ್ಟರು. ಮಂಡಿ ಹಿಡಿದ ಹೆಂಗಸು, ಮರವನ್ನು ಆತುಕೊಂಡು, ಬಹಳ ಹೊತ್ತು ತೆಗೆದುಕೊಂಡು ಕೂತರು. ನಾನು ಹಿಡಿಯಲು ಹೋದರೆ ಬೇಡ ಅಂತ ಕೈ ಮಾಡಿದರು. ಬುಡದ ಮರಳಿನ ಮೇಲೆ ಬಲ ಅಂಗೈ ಇಟ್ಟು, ಮಲಗಿದವರನ್ನು ಅಲುಗಿಸುವ ಹಾಗೆ ಎರಡು ಸಲ ಅಲುಗಿಸಿದರು.

'ಹ್ವಾಯ್' ಅಂದರು, ಮೆಲ್ಲಗೆ.

ನಾನು ರಸ್ತೆಗೆ ಬಂದು, ಇನ್ನೂ ಸ್ವಲ್ಪ ಹೊತ್ತು ಆಗುತ್ತದೆ ಅಂತ ಆಟೋದವರಿಗೆ ಹೇಳಿದೆ.